ಸುಂದ್ರಮ್ಮನ ಮಗನಿಗೆ ಸೊಪ್ಪು ಹಿಡಿದದ್ದು

ಹಾರನಹಳ್ಳಿ ಹೋಬಳಿಯ ಆ ಊರಿನಲ್ಲಿ ಸುಂದ್ರಮ್ಮಂದಿರು ಮೂವರು. ಡೇರಿ ಸುಂದ್ರಮ್ಮ, ಮೂಲೆಮನೆ ಸುಂದ್ರಮ್ಮ, ಸೂಜಿ ಸುಂದ್ರಮ್ಮ. ಈ ಕತೆ ಸೂಜಿ ಸುಂದ್ರಮ್ಮನದು. ಆಕೆ ದರ್ಜಿಯೂ ಅಲ್ಲ, ನರ್ಸೂ ಅಲ್ಲ. ಹೊಗೆಸೊಪ್ಪು ಬೆಳೆಯುವ ವೀರಭದ್ರಸ್ವಾಮಿಯ ಹೆಂಡತಿ. ಒಬ್ಬನೇ ಮಗ ಗೌರೀಶನ ಹೊಟ್ಟೆಗೆ ದಿನಾ ಇನ್ಸುಲಿನ್ ಚುಚ್ಚಿ ಚುಚ್ಚಿ ಆ ಹೆಸರು ಗಳಿಸಿಕೊಂಡವಳು. ಅಡ್ಡಹೆಸರು ಇಡುವುದರಲ್ಲಿ ಆ ಊರಿನವರ ಕೈ ಬಲು ಧಾರಾಳ. ಕಷ್ಟಕ್ಕೆ ನೀಡುವಾಗ ಮಾತ್ರ ಅದೇ ಕೈ ಮುದುರಿಕೊಳ್ಳುತ್ತದೆ.

ಗೌರೀಶ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಶುರುವಾದದ್ದು ಇದು. ಹುಡುಗ ಕೊಡಗಟ್ಟಲೆ ನೀರು ಕುಡಿಯುತ್ತಿದ್ದ, ತಿಂದದ್ದೆಲ್ಲ ಎಲ್ಲಿ ಹೋಗುತ್ತಿತ್ತೋ, ಮೈ ಹಂಚಿಕಡ್ಡಿಯಾಗುತ್ತಿತ್ತು. ಹೊಟ್ಟೆಹುಳ ಅಂದರು, ದೃಷ್ಟಿ ಅಂದರು, ತಾಯಿತ ಕಟ್ಟಿದರು. ಕೊನೆಗೆ ಸ್ಕೂಲಿನಲ್ಲೇ ಬಿದ್ದ ಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ, ಇದು ಟೈಪ್ ಒನ್ ಸಕ್ಕರೆ ಕಾಯಿಲೆ, ಮೈ ತಾನಾಗಿ ಮಾಡಬೇಕಾದ ಇನ್ಸುಲಿನ್ ಮಾಡುವುದನ್ನು ಬಿಟ್ಟಿದೆ, ಬದುಕಿರುವ ತನಕ ಚುಚ್ಚಿಕೊಳ್ಳಬೇಕು ಎಂದರು. ವೀರಭದ್ರಸ್ವಾಮಿ ಎತ್ತಿಗೆ ಲಾಳ ಹೊಡೆಯುವುದನ್ನು ನಿಂತು ನೋಡುವ ಗಂಡಸು. ಆದರೆ ಮಗನ ಹೊಟ್ಟೆಯ ಮೇಲೆ ಸೂಜಿ ಕಂಡರೆ ಎದ್ದು ಜಗುಲಿಗೆ ಹೋಗಿಬಿಡುತ್ತಿದ್ದ. ಹಾಗಾಗಿ ಕಲಿಯಬೇಕಾದವಳು ಸುಂದ್ರಮ್ಮನೇ. ಆಕೆ ಬದನೆಕಾಯಿಗೆ ನೀರು ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಳು. ಆ ವಾರವೆಲ್ಲ ಮನೆಯಲ್ಲಿ ಬದನೆಕಾಯಿ ಪಲ್ಯ.

ಮನೆಗೆ ಫ್ರಿಜ್ ಬರುವ ತನಕ ಔಷಧಿಯ ಸೀಸೆಗಳು ಒದ್ದೆ ಮರಳು ತುಂಬಿದ ಮಡಕೆಯೊಳಗೆ, ದೇವರ ಕೋಣೆಯ ಮೂಲೆಯಲ್ಲಿ ತಣ್ಣಗಿದ್ದವು. ಸಂಜೆ ದೀಪ ಹಚ್ಚಿದವಳು ಶಿವನಿಗೆ ಒಮ್ಮೆ, ಮಡಕೆಗೆ ಒಮ್ಮೆ ಕೈಮುಗಿಯುತ್ತಿದ್ದಳು. ಇಬ್ಬರಲ್ಲಿ ಮಗನನ್ನು ಉಳಿಸುತ್ತಿರುವವರು ಯಾರು ಎಂದು ಕೇಳಿದ್ದರೆ ಆಕೆ ತಡವರಿಸುತ್ತಿದ್ದಳೇನೋ.

ಒಂದು ಸಲ ಮಾತ್ರ ಕೈ ತಪ್ಪಿತ್ತು. ಸೂಜಿ ಚುಚ್ಚಿಸಿಕೊಂಡ ಹುಡುಗ ತಟ್ಟೆಯ ಮುಂದೆ ಕೂರದೆ ಆಡಲು ಓಡಿದ. ಹೊಲದ ಬದುವಿನ ಮೇಲೆ, ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಿ ಬಿದ್ದಿದ್ದವನ ದವಡೆ ಬಿಡಿಸಿ, ಒಸಡಿಗೆ ಸಕ್ಕರೆ ಉಜ್ಜಿ ಬದುಕಿಸಿಕೊಂಡರು. ಅವತ್ತಿನಿಂದ ಸುಂದ್ರಮ್ಮನಿಗೆ ಒಂದು ಕಾನೂನು ಹುಟ್ಟಿತು. ಊಟ ಎದುರಿಗೆ ಇಲ್ಲದೆ ಸೂಜಿ ಇಲ್ಲ. ಈ ಕಾನೂನನ್ನು ಆಕೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಮನಸ್ಸಿನಲ್ಲಿ ಕೆತ್ತಿಟ್ಟುಕೊಂಡಳು. ಹೆದರಿಕೆಯಿಂದ ಕಲಿತ ಪಾಠವನ್ನು ಯಾರೂ ತಿದ್ದಿಕೊಳ್ಳುವುದಿಲ್ಲ.

ಗೌರೀಶ ಬೆಳೆದ. ಗೂಡ್ಸ್ ಗಾಡಿ ಇಟ್ಟುಕೊಂಡು ಹೊಗೆಸೊಪ್ಪಿನ ಬೇಲು, ಶುಂಠಿ ಮೂಟೆ ಸಾಗಿಸುವ ಕೆಲಸ ಹಿಡಿದ. ಸೂಜಿ ತಾನೇ ಹಾಕಿಕೊಳ್ಳುತ್ತಿದ್ದ. ನೋಡಲು ಲಕ್ಷಣವಾಗಿದ್ದ, ಮಾತು ಕಡಿಮೆ. ಕೆ.ಆರ್. ನಗರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ಒಪ್ಪಿದ್ದಳು, ಹುಡುಗಿಯ ತಾಯಿ ಸಕ್ಕರೆ ಹಂಚುವ ತನಕ ಬಂದಿದ್ದಳು. ಸುಂದ್ರಮ್ಮ ಅಡುಗೆಮನೆಗೆ ಆ ತಾಯಿಯನ್ನು ಕರೆದು ಎಲ್ಲವನ್ನೂ ಹೇಳಿದಳು. ನಾಳೆ ಗೊತ್ತಾಗಿ ಆ ಮಗು ಕಣ್ಣೀರು ಹಾಕುವುದು ಬೇಡ ಎನ್ನುವುದು ಆಕೆಯ ಲೆಕ್ಕ. ಬಂದವರು ಕಾಫಿ ಮುಗಿಸಿ, ಮನೆಯಲ್ಲಿ ಕೇಳಿ ತಿಳಿಸುತ್ತೇವೆ ಎಂದು ಹೋದವರು ಇವತ್ತಿಗೂ ಕೇಳುತ್ತಲೇ ಇದ್ದಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸುಂದ್ರಮ್ಮ ಒಂದು ನಿಜ ಹೇಳಿ ಒಂದು ಮದುವೆ ಕೆಡಿಸಿದಳು.

ಗೌರೀಶ ತಾಯಿಯನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅವರ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಸ್ನಾನಕ್ಕೂ ತೆಗೆಯುವುದಿಲ್ಲ. ಆ ಬೇಸಿಗೆಯಲ್ಲಿ ಒಂದು ದಿನ ಸುಂದ್ರಮ್ಮ ಸೊಪ್ಪನ್ನು ಶಾಖದಲ್ಲಿ ಹದ ಮಾಡುವ ಬ್ಯಾರನ್ ಕಟ್ಟಡಕ್ಕೆ ದಾರದ ಉಂಡೆ ತರಲು ಹೋದಾಗ, ಬಾಗಿಲ ಹಿಂದಿನ ಮೊಳೆಗೆ ಮಗನ ಕರಡಿಗೆ ನೇತಾಡುತ್ತಿತ್ತು. ದಾರ ಸವೆದಿರಬೇಕು ಅಂದುಕೊಂಡಳು. ದಾರ ಗಟ್ಟಿಯಾಗಿಯೇ ಇತ್ತು. ಅವತ್ತು ಸಂಜೆ ಗೌರೀಶ ಬಾಯಿ ತುಂಬ ಸೋಂಪು ಅಗಿಯುತ್ತ ಬಂದ, ಬ್ಯಾರನ್ನಿನ ಕಡೆ ಹೋಗಿ ಬಂದ, ಮತ್ತೆ ಕೊರಳಲ್ಲಿ ಕರಡಿಗೆ ಇತ್ತು. ತಾಯಿಗೆ ಅರ್ಥವಾಯಿತು. ಶಿವನನ್ನು ಎದೆಯ ಮೇಲೆ ಇಟ್ಟುಕೊಂಡು ಕುಡಿಯಲು ಹುಡುಗನಿಗೆ ಮನಸ್ಸು ಬರಲಿಲ್ಲ. ದೇವರಿಗೆ ವಾಸನೆ ತಾಗಬಾರದು ಎಂಬ ಮರ್ಯಾದೆ ಇತ್ತು. ತನ್ನ ಹೊಟ್ಟೆಯ ಮೇಲೆ ಆ ಮರ್ಯಾದೆ ಇರಲಿಲ್ಲ.

ಗಂಡನಿಗೆ ಹೇಳುವ ಹಾಗಿರಲಿಲ್ಲ. ವೀರಭದ್ರಸ್ವಾಮಿ ಮಠದ ಸಭೆಯಲ್ಲಿ ಎದ್ದುನಿಂತು ಮದ್ಯದ ಅಂಗಡಿ ಬೇಡವೆಂದು ಮಾತಾಡಿದವನು. "ನನ್ನ ಹೊಸ್ಲೊಳಕ್ಕೆ ಹೆಂಡದ ವಾಸ್ನೆ ಬಂದ್ರೆ, ಅದು ಮಗನೇ ಆಗ್ಲಿ, ಋಣ ಹರೀತು ಅಂತ್ಲೇಯ" ಎಂದು ಹತ್ತೂರಿನವರ ಮುಂದೆ ಹೇಳಿದ್ದ. ಆಡಿದ ಮಾತು ನುಂಗುವ ಜಾತಿಯ ಮನುಷ್ಯನಲ್ಲ. ಹಾಗಾಗಿ ಸುಂದ್ರಮ್ಮ ಮಗನ ಅಂಗಿಗಳನ್ನು ಬೇರೆಯಾಗಿ ಒಗೆದಳು, ಮಗನ ತಟ್ಟೆಯನ್ನು ಹಿತ್ತಲಿಗೇ ತಂದುಕೊಟ್ಟಳು. ಹುಣಸೂರಿನ ಗೆಳೆಯರ ಜೊತೆ ಕುಡಿಯುವುದನ್ನು ಬಿಡಿಸಲು ಹೋದರೆ ಗೌರೀಶ ತಲೆ ತಗ್ಗಿಸಿ, "ಅಲ್ಲಿ ಯಾರೂ ನನ್ನ ಕಾಯ್ಲೆಯವ್ನು ಅನ್ನಲ್ಲ ಕಣವ್ವ" ಅಂದ. ಸುಂದ್ರಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಹೊಟ್ಟೆ ಆಗಲೇ ಕೈಕೊಡಲು ಶುರುಮಾಡಿತ್ತು. ಎರಡು ತುತ್ತಿಗೆ ಹೊಟ್ಟೆ ಉಬ್ಬರಿಸುತ್ತಿತ್ತು. ರಾತ್ರಿ ತಿಂದ ಮುದ್ದೆ ಬೆಳಿಗ್ಗೆ ಹಾಗೇ ವಾಪಸು ಬರುತ್ತಿತ್ತು, ಒಳಗೆ ಹೋಗಿ ಸುಮ್ಮನೆ ಕೂತು ಬಂದ ನೆಂಟರ ಹಾಗೆ. ಕುಡಿದ ಮಾರನೆಯ ದಿನವಂತೂ ನೀರೂ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಎದೆನೋವಿನಿಂದ ಹಿಡಿದು ಮನೆಮುರಿದ ದುಃಖದ ತನಕ ಎಲ್ಲಕ್ಕೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. ಸುಂದ್ರಮ್ಮನೂ ಗ್ಯಾಸ್ಟ್ರಿಕ್ ಅಂದಳು. ಓಮದ ಕಷಾಯ ಕಾಸಿದಳು, ಜೀರಿಗೆ ಹುರಿದು ನೀರಿಗೆ ಹಾಕಿದಳು. ಬೇರು ಎಲ್ಲಿದೆ ಎಂದು ಗೊತ್ತಿದ್ದೂ ಎಲೆಗೆ ಔಷಧಿ ಹೊಡೆದ ಹಾಗಾಯಿತು ಅದು.

ಶ್ರಾವಣ ಬಂತು, ಸೊಪ್ಪು ಮುರಿಯುವ ಕಾಲ. ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಒಂದು ವಿಷಯ ಗೊತ್ತು. ಮಳೆಯಲ್ಲಿ ನೆನೆದ ಹಸಿ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಬೆಳಗಿನಿಂದ ಮುರಿದರೆ ಅದರ ನಂಜು ಚರ್ಮದ ಮೂಲಕವೇ ಇಳಿಯುತ್ತದೆ. ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಅದಕ್ಕೆ ಸೊಪ್ಪು ಹಿಡಿಯುವುದು ಅನ್ನುತ್ತಾರೆ. ಹುಣಿಸೆಹಣ್ಣಿನ ನೀರು ಕುಡಿಸಿ ನೆರಳಿನಲ್ಲಿ ಮಲಗಿಸಿದರೆ ಮಾರನೆಯ ಹೊತ್ತಿಗೆ ಇಳಿಯುತ್ತದೆ. ಯಾರೂ ಗಾಬರಿಯಾಗುವುದಿಲ್ಲ, ಸೊಪ್ಪು ಹಿಡಿಯದವನು ಸೊಪ್ಪು ಬೆಳೆದವನೇ ಅಲ್ಲ ಎಂದು ನಗುತ್ತಾರೆ.

ಅವತ್ತು ಆಳು ಸಾಲದೆ ಗೌರೀಶನೂ ಸಾಲಿಗೆ ಇಳಿದಿದ್ದ. ಹಿಂದಿನ ಸಂಜೆ ಕುಡಿದು ಬಂದು ಊಟ ಮಾಡದೆ ಮಲಗಿದ್ದ. ಸಾಲಿನ ಅರ್ಧ ದಾಟುವ ಮೊದಲೇ ಗಿಡದ ಬುಡಕ್ಕೆ ಕುಕ್ಕರಿಸಿ ಕಾರಿಕೊಂಡ. ಪಕ್ಕದ ಸಾಲಿನಲ್ಲಿ ಸುಂದ್ರಮ್ಮ ಇದ್ದಳು. ಮೂಗಿಗೆ ಹೆಂಡದ ವಾಸನೆ ಬಡಿಯಿತು. ಆಳುಗಳ ಮುಂದಾಳು ಚಾಮಯ್ಯ ಎಲೆ ಕಂತೆ ಕೆಳಗಿಟ್ಟು ಹತ್ತಿರ ಬರತೊಡಗಿದ. ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ವೀರಭದ್ರಸ್ವಾಮಿ ಇತ್ತ ತಿರುಗಿದ.

"ಯಾಕಪ್ಪೋ ಗೌರೀಶಪ್ಪ?" ಅಂದ ಚಾಮಯ್ಯ.

"ಏನಿಲ್ಲ ಬುಡು ಚಾಮಯ್ಯ. ಸೊಪ್ಪು ಇಡ್ದದೆ" ಅಂದಳು ಸುಂದ್ರಮ್ಮ. ಅಂದು, ವಾಂತಿಯ ಮೇಲೆ ಕಾಲಿನಿಂದ ಮಣ್ಣು ಎಳೆದಳು.

"ಓ, ಸೊಪ್ಪಾ? ಅಂಗಾರೆ ಉಣಿಸೆಹಣ್ ನೀರ್ ಕುಡ್ಸಿ ಸರೋಯ್ತದೆ" ಅಂದು ಚಾಮಯ್ಯ ತನ್ನ ಸಾಲಿಗೆ ಹೋದ. ವೀರಭದ್ರಸ್ವಾಮಿ ಒಂದು ಗಳಿಗೆ ನೋಡಿ ಮತ್ತೆ ಅತ್ತ ತಿರುಗಿ ನಿಂತ. ಸುಂದ್ರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ನಿಜ ಹೇಳಿ ಮಗನ ಮದುವೆ ಕಳೆದಿದ್ದಳು, ಈಗೊಂದು ಸುಳ್ಳು ಹೇಳಿ ಮಾನ ಉಳಿಸಿದಳು. ಸಾಲ ತೀರಿತು ಅಂದುಕೊಂಡಳು, ಪಾಪ.

ಹೊಂಗೆ ಮರದ ಕೆಳಗೆ ಮಗನನ್ನು ಮಲಗಿಸಿ ತಾನು ಸಾಲಿಗೆ ವಾಪಸು ಬಂದಳು. ಬಿಟ್ಟು ಕೂತರೆ ಅನುಮಾನ ಬರುತ್ತದಲ್ಲ. ಹುಣಿಸೆ ನೀರು ಹೋದ ಹಾಗೆಯೇ ಬಂತು. ಮಜ್ಜಿಗೆಯೂ ಬಂತು. ಮಧ್ಯಾಹ್ನ ಮನೆಗೆ ಕರೆತಂದ ಮೇಲೆ ಗೌರೀಶ ಗೋಡೆಗೆ ಒರಗಿ ಕೇಳಿದ, "ಅವ್ವ, ಬೆಳಿಗ್ಗೆಯಿಂದ ಸೂಜಿ ಆಕ್ಕೊಂಡಿಲ್ಲ. ಆಕ್ಕೊಳ್ಳಾ?"

"ಒಟ್ಟೇಲಿ ಏನದೆ ಅಂತ ಆಕ್ಕೋತೀಯ? ಬ್ಯಾಡ ಕಣಪ್ಪ. ಒಂದೀಟು ಗಂಜಿ ನಿಲ್ಲಲಿ, ಆಮೇಲೆ" ಅಂದಳು. ಬದುವಿನ ಮೇಲೆ ಬಿದ್ದಿದ್ದ ಹುಡುಗ ಆಕೆಯ ಕಣ್ಣ ಮುಂದೆ ಬಂದಿದ್ದ. ಇಷ್ಟು ವರ್ಷ ಮಗನನ್ನು ಕಾಪಾಡಿದ ಕಾನೂನೇ ಅಂದು ಅವನ ಕುತ್ತಿಗೆಗೆ ಬಂತು. ಗಂಜಿ ನಿಲ್ಲಲಿಲ್ಲ, ಸೂಜಿ ಬೀಳಲಿಲ್ಲ.

ಸಂಜೆಗೆ ಗೌರೀಶ ಗುಡ್ಡ ಹತ್ತಿ ಬಂದವನಂತೆ ಏದುಸಿರು ಬಿಡತೊಡಗಿದ. ಹತ್ತಿರ ಬಗ್ಗಿದರೆ ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಅದು ಮೈಯೊಳಗಿನ ವಿಷದ ವಾಸನೆ ಎಂದು ಸುಂದ್ರಮ್ಮನಿಗೆ ಹೇಗೆ ಗೊತ್ತಾಗಬೇಕು? ನಿನ್ನೆ ಕುಡಿದದ್ದು ಇನ್ನೂ ಹೋಗಿಲ್ಲ ಅಂದುಕೊಂಡಳು. ಗಂಡ ಕೋಣೆಯ ಬಾಗಿಲಿಗೆ ಬಂದು, "ಎಂಗವ್ನೆ?" ಎಂದು ಕೇಳಿದಾಗ ಅಡ್ಡ ನಿಂತಳು. "ಈಗ್ತಾನೆ ಕಣ್ ಮುಚ್ಚವ್ನೆ. ಮಲೀಕ್ಕಳ್ಳಿ, ಒಳಕ್ಕೆ ಬರಬ್ಯಾಡಿ" ಅಂದಳು. ಅಗರಬತ್ತಿ ಹಚ್ಚಿ ಮಗನ ತಲೆದಿಂಬಿನ ಹತ್ತಿರ ಇಟ್ಟಳು. ಮಗ ಸಾಯುತ್ತಿದ್ದ, ತಾಯಿ ವಾಸನೆ ಮುಚ್ಚುತ್ತಿದ್ದಳು. ನಡೆದದ್ದು ಹೀಗೆ.

ಬೆಳಗಾದಾಗ ಕರೆದರೆ ಓಗೊಡಲಿಲ್ಲ. ಸಕ್ಕರೆ ನೋಡುವ ಮಿಷನ್ನಿಗೆ ಬೆರಳಿನ ರಕ್ತ ಒತ್ತಿದರೆ ಅದು ಅಂಕಿಯನ್ನೇ ತೋರಿಸದೆ, ತನ್ನ ಅಳತೆ ಮೀರಿದೆ ಎಂದು ಎರಡು ಇಂಗ್ಲಿಷ್ ಅಕ್ಷರ ತೋರಿಸಿತು. ಗಾಡಿ ಮಾಡಿಕೊಂಡು, ಹುಣಸೂರಿನ ಮೇಲೆ ಮೈಸೂರಿಗೆ ಹೋದರು. ದಾರಿಯುದ್ದಕ್ಕೂ ಸುಂದ್ರಮ್ಮ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ ಉಸಿರು ಎಣಿಸುವ ಹಾಗೆ ಕೂತಿದ್ದಳು.

ಡಾಕ್ಟರು ಮಧುಶ್ರೀ ಎಂಬ ಹೆಣ್ಣುಮಗಳು, ಗೌರೀಶನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಬಗ್ಗಿ ಅವನ ಉಸಿರು ಮೂಸಿ ನೋಡಿ ತಲೆ ಎತ್ತಿದಳು. "ಯಾವಾಗಿಂದ ವಾಂತಿ? ಕೊನೇ ಇನ್ಸುಲಿನ್ ಯಾವಾಗ? ಡ್ರಿಂಕ್ಸ್ ತಗೊಂಡಿದ್ರಾ?"

ಸುಂದ್ರಮ್ಮನ ಪಕ್ಕದಲ್ಲಿ ವೀರಭದ್ರಸ್ವಾಮಿ ನಿಂತಿದ್ದ. ಹಣೆಯಲ್ಲಿ ವಿಭೂತಿ ಇತ್ತು.

"ಇಲ್ಲವ್ವ. ಸೊಪ್ಪು ಇಡ್ದಿತ್ತು" ಅಂದಳು ಸುಂದ್ರಮ್ಮ.

ಡಾಕ್ಟರು ಆಕೆಯನ್ನು ನೋಡಿದಳು, ಗಂಡನನ್ನು ನೋಡಿದಳು. "ಯಜಮಾನ್ರೇ, ಈ ಔಷಧಿ ಚೀಟಿ ತಗೊಂಡು ಕೆಳಗೆ ಹೋಗಿ ಬನ್ನಿ" ಅಂದಳು. ಅವನು ಮೆಟ್ಟಿಲಿಳಿದ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದಳು. ಸುಂದ್ರಮ್ಮ ಹೂಂ ಅಂದಳು. ಬಾಯಿಂದಲ್ಲ, ತಲೆಯಿಂದ.

ಗೌರೀಶ ಉಳಿದುಕೊಂಡ. ಕೈಗೆ, ಕುತ್ತಿಗೆಗೆ ನಳಿಗೆ ಹಾಕಿಸಿಕೊಂಡು, ಕಣ್ಣು ಬಿಡುವ ತನಕ ತಾಯಿಯ ಕಣ್ಣೀರನ್ನೆಲ್ಲ ಹಿಂಡಿ ಉಳಿದುಕೊಂಡ. ಮಧುಶ್ರೀ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ ಹೇಳಿದಳು. ಈ ಕಾಯಿಲೆಯವರಿಗೆ ವಾಂತಿ ಆಗುವಾಗ, ಊಟ ಬಿಟ್ಟಾಗ ಕೂಡ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ರಕ್ತ ಹುಳಿಯಾಗಿ ವಿಷವಾಗುತ್ತದೆ, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುವುದು ಅದಕ್ಕೇ. ಆಗ ಸಕ್ಕರೆ ನೋಡಿಕೊಂಡು ಹಾಕಬೇಕು, ಗುಟುಕು ಗುಟುಕು ನೀರು ಕೊಡಬೇಕು, ತಡಮಾಡದೆ ಆಸ್ಪತ್ರೆಗೆ ಬರಬೇಕು. ಇಷ್ಟು ವರ್ಷದ ಸಕ್ಕರೆಗೆ ಅವನ ಜಠರದ ನರಗಳೂ ಸೋತಿವೆ. ಅನ್ನ ಮುಂದಕ್ಕೆ ಸರಿಯುವುದು ನಿಧಾನ. ಅದರ ಮೇಲೆ ಕುಡಿದರೆ ವಾಂತಿ ನಿಲ್ಲುವುದಿಲ್ಲ.

"ವಾಸಿ ಆಗಕಿಲ್ವಾ?" ಅಂದಳು ಸುಂದ್ರಮ್ಮ.

"ನೋಡ್ಕೋಬೌದಮ್ಮ. ವಾಸಿ ಅನ್ನೋಕಾಗಲ್ಲ. ಕುಡಿಯೋದು ಮಾತ್ರ ಬೇಡವೇ ಬೇಡ. ಇನ್ನೊಂದ್ಸಲ ಹಿಂಗಾದ್ರೆ ಉಳಿಸ್ತೀವಿ ಅಂತ ನಾನು ಮಾತು ಕೊಡೋಕಾಗಲ್ಲ."

ಗೌರೀಶ ಕರಡಿಗೆ ಮುಟ್ಟಿ ಆಣೆ ಮಾಡಿದ. ತಾಯಿ ಸಾಕ್ಷಿ, ತಂದೆಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಮುದ್ದೆ ಬಿಟ್ಟು ತಿಳಿ ಗಂಜಿ, ಮೆತ್ತಗಿನ ಅನ್ನ ಸ್ವಲ್ಪ ಸ್ವಲ್ಪವಾಗಿ ತಿಂದ. ಹುಣಸೂರಿನ ಕಡೆಯ ಗೆಳೆಯರ ಫೋನ್ ಬಂದರೆ ಎತ್ತಲಿಲ್ಲ. ಸುಂದ್ರಮ್ಮ ದಿನಕ್ಕೊಂದು ನೆಪ ಮಾಡಿಕೊಂಡು ಬ್ಯಾರನ್ನಿನ ಬಾಗಿಲು ತೆಗೆದು ಮೊಳೆ ನೋಡಿ ಬರುತ್ತಿದ್ದಳು. ಮೊಳೆ ಖಾಲಿ ಇರುತ್ತಿತ್ತು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಆಕೆಯ ಮುಖದಲ್ಲಿ ಸ್ವಲ್ಪ ರಕ್ತ ಬಂತು. ತಂಗಿ ಮನೆಗೆಂದು ಕಟ್ಟೆಮಳಲವಾಡಿಗೆ ಹೋಗಿ ಎರಡು ದಿನ ಇದ್ದು ಬರುವಷ್ಟು ಧೈರ್ಯವೂ ಬಂತು.

ಆದರೆ ಹೊಟ್ಟೆ ತನ್ನ ಹಟ ಬಿಟ್ಟಿರಲಿಲ್ಲ. ಪಥ್ಯ ಮಾಡಿದರೂ ಕೆಲವು ದಿನ ಉಬ್ಬರಿಸುತ್ತಿತ್ತು, ಓಕರಿಕೆ ಬರುತ್ತಿತ್ತು. "ಕುಡುದ್ರೂ ಅಷ್ಟೇಯ, ಬುಟ್ರೂ ಅಷ್ಟೇಯ" ಎಂದು ಗೌರೀಶ ಒಮ್ಮೆ ತಟ್ಟೆ ಸರಿಸಿ ಎದ್ದಿದ್ದ. ಆ ಮಾತು ಸುಂದ್ರಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೆಳೆದ ಮಗನ ಬಾಯಿಗೆ ಯಾರು ಬೀಗ ಹಾಕುತ್ತಾರೆ?

ಶಿವರಾತ್ರಿ ಕಳೆದ ವಾರ ಅದು. ಬೆಳಿಗ್ಗೆ ಸುಂದ್ರಮ್ಮ ಹಿತ್ತಲಿನಲ್ಲಿ ಒಲೆಗೆ ಸೌದೆ ಆರಿಸುತ್ತಿದ್ದಳು. ಒಗೆಯುವ ಕಲ್ಲಿನ ಹತ್ತಿರ ಗೌರೀಶ ಎರಡು ಕೈ ಊರಿ ಬಗ್ಗಿದ್ದ, ಬೆನ್ನು ಅದುರುತ್ತಿತ್ತು. ಸೌದೆ ಬಿಟ್ಟು ಓಡಿದಳು. ಕೊರಳು ಬರಿದಾಗಿತ್ತು.

"ಏನಾಯ್ತಪ್ಪ?" ಅಂದಳು, ಗೊತ್ತಿದ್ದೂ.

ಗೌರೀಶ ಬಾಯಿ ಒರೆಸಿಕೊಂಡು ತಾಯಿಯ ಕಡೆ ನೋಡಿದ. ಕಣ್ಣಲ್ಲಿ ಕುಚೋದ್ಯವಿರಲಿಲ್ಲ. ಏಟು ತಪ್ಪಿಸಿಕೊಳ್ಳಲು ಮಕ್ಕಳು ಬಾಯಿಗೆ ಬಂದದ್ದು ಹೇಳುವ ಹಾಗೆ ಹೇಳಿದ.

"ಸೊಪ್ಪು ಇಡ್ದದೆ ಕಣವ್ವ."

ಸುಂದ್ರಮ್ಮ ತಲೆ ಎತ್ತಿದಳು. ಹಿತ್ತಲ ಬೇಲಿಯ ಆಚೆ ಹೊಲ ಉತ್ತು ಬಿಟ್ಟಿತ್ತು, ಬರೀ ಕೆಂಪು ಮಣ್ಣು. ಸೊಪ್ಪು ಮುರಿದು, ಹದ ಮಾಡಿ, ಬೇಲು ಕಟ್ಟಿ ಕಳಿಸಿ ತಿಂಗಳುಗಳಾಗಿದ್ದವು. ಔಷಧಿಗೆ ಬೇಕೆಂದರೂ ಆ ಹೊಲದಲ್ಲಿ ಒಂದು ಹಸಿ ಎಲೆ ಇರಲಿಲ್ಲ. ತಾನು ಕಲಿಸಿದ ಸುಳ್ಳು ಇದು, ಮಗ ಅಷ್ಟೇ ಚೆನ್ನಾಗಿ ಒಪ್ಪಿಸಿದ್ದಾನೆ. ಆಕೆಗೆ ಸಿಟ್ಟು ಬರಲಿಲ್ಲ. ಒಳಗೆ ಹೋಗಿ ಮಿಷನ್ ತಂದಳು, ಬೆರಳು ಚುಚ್ಚಿದಳು, ಡಾಕ್ಟರು ಹೇಳಿಕೊಟ್ಟ ಅಳತೆಯಲ್ಲಿ ಇನ್ಸುಲಿನ್ ಎಳೆದು, ಬಹಳ ವರ್ಷಗಳ ಮೇಲೆ ತನ್ನ ಕೈಯಿಂದಲೇ ಮಗನ ಹೊಟ್ಟೆಗೆ ಚುಚ್ಚಿದಳು. ಊಟ ಎದುರಿಗೆ ಇರಲಿಲ್ಲ. ಗುಟುಕು ನೀರು ಕೊಟ್ಟಳು, ಅದು ತಕ್ಷಣ ಹೊರಗೆ ಬಂತು.

ಜಗುಲಿಯಲ್ಲಿ ವೀರಭದ್ರಸ್ವಾಮಿ ಕೂತಿದ್ದ. ಸುಂದ್ರಮ್ಮ ಹೊಸ್ತಿಲಿನ ಒಳಗೇ ನಿಂತು, ಇಷ್ಟು ದಿನ ನುಂಗಿದ್ದನ್ನು ಉಗುಳಿದಳು. "ಗಾಡಿ ತರ್ಸಿ. ಮೈಸೂರ್‌ಗೆ ಓಗ್ಬೇಕು. ಸೊಪ್ಪಲ್ಲ ಕಣ್ರೀ, ಕುಡ್ದವ್ನೆ. ಅವತ್ತೂ ಕುಡ್ದಿದ್ದ. ಏನ್ ಮಾಡ್ತೀರೋ ಮಾಡಿ, ಮದ್ಲು ಗಾಡಿ ತರ್ಸಿ."

ವೀರಭದ್ರಸ್ವಾಮಿ ಎದ್ದು ನಿಂತ. ಕೂಗಾಡಲಿಲ್ಲ. "ಫೋನ್ ಮಾಡಿವ್ನಿ. ಬತ್ತಾ ಅದೆ" ಅಂದ. ಮುಷ್ಟಿ ಬಿಡಿಸಿದ. ಅಂಗೈಯಲ್ಲಿ ಮಗನ ಕರಡಿಗೆ ಇತ್ತು. ನಿನ್ನೆ ಸಂಜೆ ಬ್ಯಾರನ್ನಿನ ಮೊಳೆಯಿಂದ ಅವನೇ ತಂದಿದ್ದ.

ಸುಂದ್ರಮ್ಮ ಹೊಸ್ತಿಲು ದಾಟಿ ಬಂದಳು. "ಯಾವತ್ತಿಂದ ಗೊತ್ತು ನಿಮ್ಗೆ?"

"ಸಾಲ್ನಲ್ಲಿ ನೀನು ಮಣ್ಣು ಎಳುದ್ಯಲ್ಲ, ಅವತ್ತಿಂದ. ಗಾಳಿ ನನ್ನ ಕಡೀಕೇ ಬೀಸ್ತಿತ್ತು ಕಣೆ" ಅಂದ ವೀರಭದ್ರಸ್ವಾಮಿ. "ಗೊತ್ತಾಯ್ತು ಅಂದ್ರೆ ಆಡಿದ್ ಮಾತು ನಡುಸ್ಬೇಕಿತ್ತು. ಅವ್ನ ಆಚೆಗಾಕಿ ನಾನೆಲ್ಲಿಗೆ ಓಗ್ಲಿ?"

ಅಷ್ಟರಲ್ಲಿ ಕಾರು ಬಂತು. ಕಾರು ಕಂಡು ಓಡಿಬಂದ ಚಾಮಯ್ಯ ಮತ್ತು ವೀರಭದ್ರಸ್ವಾಮಿ ಗೌರೀಶನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ತಾಯಿಯ ತೊಡೆಯ ಮೇಲೆ ಬಂತು. ಅವನ ಉಸಿರು ಆಗಲೇ ದೊಡ್ಡದಾಗತೊಡಗಿತ್ತು. "ಏನಾಯ್ತಮ್ಮೋ?" ಎಂದು ಚಾಮಯ್ಯ ಕೇಳಿದ. ಅವತ್ತಿನ ಹಾಗೆ ಈ ಸಲವೂ ಗಂಡ ಹೆಂಡತಿ ಇಬ್ಬರಿಗೂ ಉತ್ತರ ಗೊತ್ತಿತ್ತು; ವೀರಭದ್ರಸ್ವಾಮಿ ಹಿಂದಿನ ಬಾಗಿಲು ಎಳೆದು ಹಾಕಿದ.

ವೀರಭದ್ರಸ್ವಾಮಿ ಡ್ರೈವರಿನ ಪಕ್ಕದಲ್ಲಿ ಕರಡಿಗೆ ಹಿಡಿದು ಕೂತ. ಎರಡು ಸಲ ಹಿಂದೆ ತಿರುಗಿ ಮಗನ ಕೊರಳಿಗೆ ಹಾಕಲು ಕೈ ಚಾಚಿದ, ಎರಡು ಸಲವೂ ವಾಪಸು ತೆಗೆದುಕೊಂಡ. ಹುಣಸೂರು ದಾಟುವಾಗಲೂ ಅದು ಅವನ ಮುಷ್ಟಿಯಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ಸುಂದ್ರಮ್ಮ ಮಗನ ಬಾಯಿಯ ಹತ್ತಿರ ಬಗ್ಗಿ ಮೂಸಿ ನೋಡುತ್ತಿದ್ದಳು, ಹೆಂಡದ ವಾಸನೆಯೋ ಆ ಕೊಳೆತ ಹಣ್ಣಿನದೋ ಎಂದು. ಆಕೆಗೆ ಗೊತ್ತಾಗಲಿಲ್ಲ.